ಒಟ್ಟು ಮೊತ್ತವೂ ಬಿಡಿ ಲೆಕ್ಕವೂ

ಮಣ್ಣಿಲ್ಲದೆ ಬೆಳೆ ತೆಗೆಯುವ ವಿದ್ಯೆಯಲ್ಲಿ, ಅದುವರೆಗೆ ಮಣ್ಣು ಸದ್ದಿಲ್ಲದೆ ಮಾಡಿಕೊಂಡು ಬರುತ್ತಿದ್ದ ಕೆಲಸವೆಲ್ಲವೂ ಮನುಷ್ಯನ ತಲೆಯ ಮೇಲೆ ಬೀಳುತ್ತದೆ. ಹೊಲದಲ್ಲಿ ಬೇರೂರಿದ ಗಿಡಕ್ಕೆ, ಒಡೆಯನು ಗೊಬ್ಬರ ಹಾಕುವುದನ್ನು ಮರೆತರೂ, ಜೇಡಿಯ ಕಣಗಳು ಹಿಡಿದಿಟ್ಟುಕೊಂಡ ಕ್ಯಾಲ್ಸಿಯಂ ಪೊಟ್ಯಾಸಿಯಂಗಳೂ, ಕೊಳೆತ ಎಲೆಗಳಿಂದ ಸೂಕ್ಷ್ಮಜೀವಿಗಳು ಬಿಡಿಸಿಕೊಡುವ ಸಾರಜನಕವೂ ಕೆಲವು ಕಾಲದವರೆಗೆ ಆಧಾರವಾಗಿರುತ್ತವೆ. ಆದರೆ ಚೆನ್ನೈ ನಗರದ ಯಾವುದೋ ಒಂದು ತಾರಸಿಯ ಮೇಲೆ, ಹಸಿರು ನೆರಳುಬಲೆಯ ಕೆಳಗೆ, ಪಿವಿಸಿ ಕೊಳವೆಯ ರಂಧ್ರಗಳಲ್ಲಿ ಕೂರಿಸಿದ ಪುಟ್ಟ ಬುಟ್ಟಿಗಳಿಂದ ಬೇರನ್ನು ಇಳಿಬಿಟ್ಟುಕೊಂಡು, ಪಂಪು ಎತ್ತಿ ಹರಿಸುವ ತೆಳ್ಳನೆಯ ನೀರನ್ನೇ ನಂಬಿ ನಿಂತಿರುವ ಲೆಟ್ಯೂಸ್ ಗಿಡಕ್ಕೆ ಅಂತಹ ದಾಸ್ತಾನು ಯಾವುದೂ ಇಲ್ಲ. ನೀರಿನಲ್ಲಿ ಇಂದು ಬೆಳಿಗ್ಗೆ ಏನಿದೆಯೋ ಅದೇ ಅದರ ಅನ್ನ. ಇಲ್ಲದಿದ್ದುದು ಅದರ ಪಾಲಿಗೆ ಲೋಕದಲ್ಲೇ ಇಲ್ಲ.

ಸಸ್ಯಜೀವನಕ್ಕೆ ಅತ್ಯಾವಶ್ಯಕವೆಂದು ಶಾಸ್ತ್ರಜ್ಞರು ಒಪ್ಪಿರುವ ಮೂಲವಸ್ತುಗಳು 17. ಅವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ನೀರುಗಳಿಂದಲೇ ದೊರೆಯುತ್ತವೆ. ಉಳಿದ 14ನ್ನು ಬೇರಿನ ಬಳಿಗೆ ಒಯ್ದು ಕೊಡತಕ್ಕದ್ದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹೋಗ್ಲಂಡ್ ಮತ್ತು ಆರ್ನನ್ ಎಂಬಿಬ್ಬರು 1938ರಲ್ಲಿ ಹೊರತಂದ ಕಿರುಹೊತ್ತಗೆಯಿಂದ ಪ್ರಸಿದ್ಧಿಗೆ ಬಂದು, ಇಂದಿಗೂ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಬಳಕೆಯಲ್ಲಿರುವ ದ್ರಾವಣದಲ್ಲಿ, ಲೀಟರಿಗೆ ಪೊಟ್ಯಾಸಿಯಂ ಸುಮಾರು 235 ಮಿಲಿಗ್ರಾಂ, ಸಾರಜನಕ 210, ಕ್ಯಾಲ್ಸಿಯಂ 200, ಗಂಧಕ 64, ಮೆಗ್ನೀಸಿಯಂ 48, ರಂಜಕ 31 ಇದ್ದರೆ, ಮಾಲಿಬ್ಡಿನಂ ಎಂಬುದು ಕೇವಲ 0.01 ಮಿಲಿಗ್ರಾಂ ಇರುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದ ಅಂತರವಿದ್ದಾಗ್ಯೂ, ಗಿಡದ ದೃಷ್ಟಿಯಲ್ಲಿ ಇವೆರಡೂ ಸಮಾನ: ಯಾವುದೊಂದು ತಪ್ಪಿದರೂ ಉಳಿದವು ಅದರ ಸ್ಥಾನವನ್ನು ತುಂಬಲಾರವು.

ಇಷ್ಟು ಸೂಕ್ಷ್ಮವಾದ ಈ ವ್ಯವಸ್ಥೆಯನ್ನು ಕಾಯುವುದಕ್ಕೆ ಬೆಳೆಗಾರನ ಕೈಯಲ್ಲಿರುವ ಉಪಕರಣಗಳಾದರೋ ಎರಡೇ. ಒಂದು, ನೀರಿನ ಹುಳಿಯನ್ನು ತೋರಿಸುವ ಪಿಎಚ್ ಮೀಟರು; ಮತ್ತೊಂದು, ಪೆನ್ನಿನ ಗಾತ್ರದ ಇಸಿ ಮೀಟರು. ಲವಣಗಳು ನೀರಿನಲ್ಲಿ ಕರಗಿದಾಗ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಒಯ್ಯುತ್ತವೆ. ಎಷ್ಟು ಸುಲಭವಾಗಿ ಒಯ್ಯುತ್ತವೆ ಎಂಬುದೇ ಈ ಮೀಟರಿನ ಓದು. ಲೆಟ್ಯೂಸಿಗೆ 1.2ರಿಂದ 1.8 ಮಿಲಿಸೀಮನ್ಸ್ ಇದ್ದರೆ ಸರಿಯೆಂದು ವಾಡಿಕೆ. ಕಡಿಮೆಯಾದರೆ ‘ಎ’ ಡಬ್ಬಿಯಿಂದಿಷ್ಟು, ‘ಬಿ’ ಡಬ್ಬಿಯಿಂದಿಷ್ಟು ಸುರಿಯುತ್ತಾರೆ; ಹೆಚ್ಚಾದರೆ ನೀರು ಬೆರೆಸುತ್ತಾರೆ. (ಡಬ್ಬಿಗಳು ಎರಡಾಗಿರುವುದಕ್ಕೂ ಕಾರಣವಿದೆ: ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ನೈಟ್ರೇಟು ಸಲ್ಫೇಟು ಫಾಸ್ಫೇಟುಗಳೊಡನೆ ಸೇರಿದರೆ ಬಿಳಿಯ ಗಸಿಯಾಗಿ ತಳ ಸೇರುತ್ತದೆ.) ಆದರೆ ಈ ಮೀಟರು ಹೇಳುವುದು ಒಟ್ಟು ಮೊತ್ತವನ್ನೇ ಹೊರತು ಬಿಡಿ ಲೆಕ್ಕವನ್ನಲ್ಲ, ಸಂತೆಯಿಂದ ಬಂದ ಚೀಲವನ್ನು ಬಿಚ್ಚದೆ ತೂಗಿ, ಐದು ಸೇರು ಇದೆ ಎಂದು ಸಮಾಧಾನಪಟ್ಟುಕೊಂಡಂತೆ ಇದು, ಒಳಗೆ ಅಕ್ಕಿ ಬೇಳೆಗಳ ಬದಲು ಬರಿಯ ಉಪ್ಪೇ ಇದ್ದರೂ ತಕ್ಕಡಿಗೆ ಗೊತ್ತಾಗದು.

ಚೆನ್ನೈಯಲ್ಲಿ ಈ ಉಪ್ಪಿನ ಮಾತು ಕೇವಲ ದೃಷ್ಟಾಂತವಲ್ಲ. ಕಡಲನ್ನು ಒತ್ತಿಕೊಂಡು ಬೆಳೆದ ಈ ನಗರದಲ್ಲಿ ಅನೇಕ ಕಡೆ ಬೋರಿನ ನೀರು ಸವಳು. ಮೆಟ್ರೋ ವಾಟರ್ ಎಂಬ ಜಲಮಂಡಳಿಯ ನೀರು ಸಾಲದಾದಾಗ ಲಾರಿಯ ನೀರು, ಆ ಲಾರಿ ಎಲ್ಲಿಯ ಬಾವಿಯಿಂದ ತುಂಬಿಕೊಂಡಿತೋ ಅಲ್ಲಿಯ ಗುಣ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳೂ ಬತ್ತಿದಂತಾಗಿ, ಊರಿಗೆ ಊರೇ ಕೊಡಗಳನ್ನು ಸಾಲಾಗಿಟ್ಟು ಕಾದದ್ದನ್ನು ಓದುಗರು ಮರೆತಿರಲಾರರು. ಇಂತಹ ನೀರನ್ನು ಸುತ್ತಿ ಸುತ್ತಿ ಹರಿಸುವ ತೊಟ್ಟಿಯಲ್ಲಿ ನಡೆಯುವುದೇನೆಂದರೆ, ಗಿಡವು ಪೊಟ್ಯಾಸಿಯಮನ್ನೂ ನೈಟ್ರೇಟನ್ನೂ ಆತುರದಿಂದ ಹೀರಿಕೊಂಡು, ತನಗೆ ಅಷ್ಟಾಗಿ ಬೇಡವಾದ ಸೋಡಿಯಂ ಕ್ಲೋರೈಡುಗಳನ್ನು ಹಿಂದೆ ಬಿಡುತ್ತದೆ. ಬಿಸಿಲಿಗೆ ನೀರು ಆರಿದಷ್ಟನ್ನೂ ಅದೇ ಸವಳಿನಿಂದ ತುಂಬಲಾಗುತ್ತದೆ. ವಾರಗಳು ಕಳೆದಂತೆ ಒಂದು ಇಳಿದಷ್ಟು ಇನ್ನೊಂದು ಏರಿ, ಮೀಟರು ಮಾತ್ರ ನಿಶ್ಚಿಂತೆಯಿಂದ 1.6 ಎಂದೇ ತೋರಿಸುತ್ತಿರುತ್ತದೆ. ಎಲೆ ಬಣ್ಣಗೆಟ್ಟ ಮೇಲೆ ಎಚ್ಚೆತ್ತ ಬೆಳೆಗಾರನಿಗೆ ತೋಚುವ ಉಪಾಯ ಒಂದೇ, ತೊಟ್ಟಿಯನ್ನು ಚರಂಡಿಗೆ ಬಿಟ್ಟು ಹೊಸದಾಗಿ ತುಂಬುವುದು. ನೀರು ಉಳಿಸುವ ಬೇಸಾಯವೆಂದು ಹೊಗಳಿಸಿಕೊಂಡ ಪದ್ಧತಿಯೊಂದು, ನೀರಿಲ್ಲದ ಊರಿನಲ್ಲಿ, ತಿಳಿವಳಿಕೆಯ ಕೊರತೆಯಿಂದಲೇ ನೀರನ್ನು ಚೆಲ್ಲಬೇಕಾಗಿ ಬರುವುದು ನನಗಂತೂ ಸರಿಯಾದ ನಡೆಯೆಂದು ತೋರುವುದಿಲ್ಲ.

ಹಾಗಾದರೆ ಬಿಡಿ ಲೆಕ್ಕವನ್ನು ಪಡೆಯುವ ಬಗೆ ಯಾವುದು? ಎಲೆಯನ್ನು ಕೊಯ್ದು, ಒಣಗಿಸಿ, ಪುಡಿಮಾಡಿ, ಗಟ್ಟಿ ಆಮ್ಲದಲ್ಲಿ ಕರಗಿಸಿ, ಪ್ರಯೋಗಶಾಲೆಯ ಯಂತ್ರದಲ್ಲಿ ಅಳೆಯಿಸುವುದು ಪ್ರಮಾಣಭೂತವಾದ ಮಾರ್ಗ. ಅದರ ಫಲಿತಾಂಶವನ್ನು ನಂಬಬಹುದು. ಆದರೆ ನಾಟಿಯಿಂದ ಕೊಯ್ಲಿನವರೆಗೆ ಐದಾರು ವಾರಗಳಷ್ಟೇ ಆಯುಸ್ಸುಳ್ಳ ಸೊಪ್ಪಿಗೆ, ಕಾಗದ ಕೈಸೇರುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಬೆಳಕಿನಿಂದಲೇ ಆ ಲೆಕ್ಕವನ್ನು ಓದಬಹುದೆಂಬ ವಿಚಾರ ಇಲ್ಲಿ ಪ್ರವೇಶಿಸುತ್ತದೆ.

ನೀರಿನಲ್ಲಿ ಗಿಡ ಬೆಳೆಸುವ ಶಾಸ್ತ್ರವೂ ಬೆಳಕಿನಿಂದ ಮೂಲವಸ್ತುಗಳನ್ನು ಗುರುತಿಸುವ ಶಾಸ್ತ್ರವೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಒಂದೇ ದೇಶದವು. ಹೈಡೆಲ್‌ಬರ್ಗಿನಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಎಂಬವರು ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಪ್ರತಿಯೊಂದು ಮೂಲವಸ್ತುವೂ ತನಗೇ ಮೀಸಲಾದ ಗೆರೆಗಳನ್ನು ರೋಹಿತದಲ್ಲಿ ಮೂಡಿಸುತ್ತದೆಂದು ಸಾಧಿಸಿದ್ದು 1859–60ರಲ್ಲಿ. ಯೂಲಿಯುಸ್ ಸಾಕ್ಸನು ಲವಣ ಕರಗಿಸಿದ ನೀರಿನಲ್ಲಿಯೇ ಸಸ್ಯಗಳನ್ನು ಬೆಳೆಸಿ ತೋರಿಸಿದ್ದೂ 1860ರಲ್ಲಿಯೇ. ಆ ಎರಡು ವಿದ್ಯೆಗಳು ಒಂದರ ಬಾಗಿಲನ್ನು ಒಂದು ತಟ್ಟಲು ಬಹುಕಾಲ ಹಿಡಿದದ್ದು ವಿಚಿತ್ರವೆನ್ನಬೇಕು.

ಮದರಾಸಿಗೆ ರೋಹಿತವಿದ್ಯೆ ಬಹು ಬೇಗನೆ ಬಂತು. ನುಂಗಂಬಾಕ್ಕಂನಲ್ಲಿ 1792ರಿಂದ ನಡೆಯುತ್ತಿದ್ದ ಖಗೋಳ ವೀಕ್ಷಣಾಲಯದ ಗ್ರಾನೈಟ್ ಕಂಬವೊಂದು ಇಂದಿಗೂ ಅಲ್ಲಿಯ ಹವಾಮಾನ ಕೇಂದ್ರದ ಆವರಣದಲ್ಲಿದೆ. ಆ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ನಾರ್ಮನ್ ಪಾಗ್ಸನ್, 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ರೋಹಿತದರ್ಶಕದೊಡನೆ ಮಚಲೀಪಟ್ಟಣಕ್ಕೆ ಹೋದನು. ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದನು. ಪ್ರಸಿದ್ಧ ಖಗೋಳಜ್ಞ ಮನೆತನದ ಲೆಫ್ಟಿನೆಂಟ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ, ಮೋಡಗಳ ನಡುವೆ, ದುರ್ಬೀನು ಹಿಡಿದು ನಿಂತಿದ್ದನು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಸೋಡಿಯಂನ ಸ್ಥಾನದಲ್ಲಿ, ಅಥವಾ ಅದರ ಅತಿ ಸಮೀಪದಲ್ಲಿ, ಹಳದಿಯ ಗೆರೆಯೊಂದು ಅಂದು ಕಾಣಿಸಿತು. ಸೋಡಿಯಂನ ಜೋಡಿಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್‌ಗಳಲ್ಲಿವೆ, ಈ ಹೊಸ ಗೆರೆಯ ನೆಲೆ 587.6. ಒಂದೂವರೆ ನ್ಯಾನೊಮೀಟರಿನಷ್ಟು ಈ ಅಂತರದಲ್ಲಿ ಹೀಲಿಯಂ ಎಂಬ ಒಂದು ಇಡೀ ಮೂಲವಸ್ತು ಅಡಗಿತ್ತು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಮೇಲೆ ಹಿಡಿಯುವ ಮೊದಲು ಅದಕ್ಕಿದ್ದ ಸಾಕ್ಷಿ ಆ ಗೆರೆಯೊಂದೇ. ಕೈಗೆ ಸಿಗದ ವಸ್ತುವಿನ ಸಂಯೋಜನೆಯನ್ನು ಬೆಳಕಿನಿಂದಲೇ ಹೇಳುವ ಎದೆಗಾರಿಕೆ ಈ ಶಾಸ್ತ್ರಕ್ಕೆ ಬಂದದ್ದು ಇಂತಹ ಪ್ರಸಂಗಗಳಿಂದ.

ಸೂರ್ಯನೇನೋ ತಾನಾಗಿ ಉರಿಯುತ್ತಾನೆ. ಲೆಟ್ಯೂಸಿನ ಎಲೆ ಉರಿಯುವುದಿಲ್ಲ. ಅದರ ಪರಮಾಣುಗಳು ತಮ್ಮ ಗೆರೆಗಳನ್ನು ಹೊರಸೂಸಬೇಕಾದರೆ ಅವುಗಳನ್ನು ಸೂರ್ಯನಷ್ಟೇ ಕಾಯಿಸಬೇಕು, ಆದರೆ ಗಿಡ ಸಾಯಬಾರದು. ಈ ವಿರೋಧವನ್ನು ಪರಿಹರಿಸಿದ್ದು 1960ರಲ್ಲಿ ಹುಟ್ಟಿದ ಲೇಸರ್. ಒಂದು ಸೆಕೆಂಡಿನ ನೂರು ಕೋಟಿಯ ಭಾಗದಲ್ಲಿ ಐದೋ ಹತ್ತೋ ಪಾಲಿನಷ್ಟು ಹೊತ್ತು ಮಾತ್ರ ಬಾಳುವ ಬೆಳಕಿನ ಮಿಡಿತವೊಂದನ್ನು ಮಸೂರದಿಂದ ಕೂದಲೆಳೆಯ ದಪ್ಪದ ಬಿಂದುವಿಗೆ ಒಟ್ಟುಗೂಡಿಸಿದಾಗ, ಅದರ ಶಕ್ತಿ ಮೊತ್ತದಲ್ಲಿ ಅತ್ಯಲ್ಪವೇ ಆಗಿದ್ದರೂ, ಅಷ್ಟು ಕಿರಿದಾದ ಸ್ಥಳಕಾಲಗಳಲ್ಲಿ ಇಕ್ಕಟ್ಟಾದುದರಿಂದ, ಎಲೆಯ ಮೇಲ್ಪದರದ ಕಣವೊಂದು ಕರಗುವುದಕ್ಕೂ ಕುದಿಯುವುದಕ್ಕೂ ಪುರಸತ್ತಿಲ್ಲದೆ ಹತ್ತು ಸಾವಿರ ಡಿಗ್ರಿಗೂ ಮಿಗಿಲಾದ ಪ್ಲಾಸ್ಮಾ ಆಗಿಬಿಡುತ್ತದೆ. ಹೊರಗೆ ಕಾಣುವುದು ನೀಲಿಬಿಳುಪಿನ ಕಿಡಿ. ಕೇಳುವುದು ‘ಚಟ್’ ಎಂಬ ಸಣ್ಣ ಸದ್ದು. ಉಳಿಯುವುದು ಬರಿಗಣ್ಣಿಗೆ ಕಂಡೂ ಕಾಣದ ಚುಕ್ಕೆ. ಕಿಡಿಯ ಮೊದಲ ಕ್ಷಣದ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಕಲಸಿಕೊಂಡು ಗೆರೆಗಳು ಮುಚ್ಚಿಹೋಗಿರುತ್ತವೆ. ಸುಮಾರು ಒಂದು ಮೈಕ್ರೊಸೆಕೆಂಡು ಕಾದು, ಪ್ಲಾಸ್ಮಾ ಸ್ವಲ್ಪ ತಣಿದ ಮೇಲೆ ಕ್ಯಾಮೆರಾದ ಕಣ್ಣು ತೆರೆದರೆ, ಕ್ಯಾಲ್ಸಿಯಂ 393.4 ಮತ್ತು 396.8ರಲ್ಲಿ, ಪೊಟ್ಯಾಸಿಯಂ 766.5 ಮತ್ತು 769.9ರಲ್ಲಿ, ಮೆಗ್ನೀಸಿಯಂ 280ರ ಆಸುಪಾಸಿನಲ್ಲಿ, ಹೀಗೆ ಒಂದೊಂದೂ ತನ್ನ ತನ್ನ ಸ್ಥಾನದಲ್ಲಿ ಎದ್ದು ನಿಲ್ಲುತ್ತದೆ. ಈ ವಿಧಾನಕ್ಕೆ ಲಿಬ್ಸ್ ಎಂದು ಹೆಸರು.

ಕನ್ನಡಿಗರಿಗೆ ಇದು ತೀರ ಅಪರಿಚಿತವೇನೂ ಅಲ್ಲ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್, ಬೆಂಗಳೂರಿನಲ್ಲಿರುವ ಇಸ್ರೋದ ವಿದ್ಯುತ್-ದೃಗ್ವಿಜ್ಞಾನ ಪ್ರಯೋಗಾಲಯದಲ್ಲಿ ತಯಾರಾದ ಲಿಬ್ಸ್ ಉಪಕರಣದಿಂದಲೇ ಅಲ್ಲಿಯ ನೆಲವನ್ನು ಕಿಡಿಗುಟ್ಟಿಸಿ ಗಂಧಕವನ್ನು ಪತ್ತೆಹಚ್ಚಿತು. ಗಂಧಕ ಗಿಡಕ್ಕೂ ಬೇಕಾದದ್ದೇ. ಆದರೆ ಚಂದ್ರನಲ್ಲಿ ನಡೆದದ್ದು ಚೆನ್ನೈಯಲ್ಲಿ ಅಷ್ಟು ಸರಾಗವಲ್ಲ, ಏಕೆಂದರೆ ಗಂಧಕದ ಬಲವಾದ ಗೆರೆಗಳಿರುವ ಅತಿನೇರಳೆಯ ಭಾಗವನ್ನು ನಮ್ಮ ಗಾಳಿಯ ಆಮ್ಲಜನಕ ದಾರಿಯಲ್ಲೇ ನುಂಗಿಬಿಡುತ್ತದೆ.

ತೊಟ್ಟಿಯ ನೀರಿಗೆ ನೇರವಾಗಿ ಲೇಸರ್ ಹೊಡೆಯುವುದೂ ಸುಲಭವಲ್ಲ. ನೀರು ಚಿಮ್ಮುತ್ತದೆ, ಗುಳ್ಳೆಯೇಳುತ್ತದೆ, ಕಿಡಿ ಹುಟ್ಟುತ್ತಲೇ ನಂದುತ್ತದೆ. ಆದಕಾರಣ ಒಂದು ಹನಿಯನ್ನು ಶೋಧಕ ಕಾಗದದ ಮೇಲೆ ಆರಿಸಿ, ಉಳಿದ ಲವಣದ ಕಲೆಯ ಮೇಲೆ ಕಿಡಿ ಹಾರಿಸುವ ಯುಕ್ತಿಯನ್ನು ಅನುಸರಿಸುತ್ತಾರೆ. ಇಲ್ಲಿ ಚೆನ್ನೈಯ ಬೆಳೆಗಾರನಿಗೆ ವಿಶೇಷ ಲಾಭವುಂಟು: ಲಿಬ್ಸ್ ಅತ್ಯಂತ ಚುರುಕಾಗಿ ಗುರುತಿಸುವ ಮೂಲವಸ್ತುಗಳಲ್ಲಿ ಸೋಡಿಯಂ ಒಂದು. ಕಡಲಗಾಳಿಯಿಂದ ವಿದ್ಯುತ್ ತಂತಿಗಳ ಪಿಂಗಾಣಿ ಮೊದಲಾದ ನಿರೋಧಕಗಳ ಮೇಲೆ ಕೂರುವ ಉಪ್ಪಿನ ಕೊಳೆಯನ್ನು ಇದೇ ವಿಧಾನದಿಂದ ಪರಿಶೀಲಿಸುವ ಸಂಶೋಧನೆ ಐಐಟಿ ಮದರಾಸಿನಲ್ಲಿ ನಡೆದಿದೆ. ನಿರೋಧಕದ ಮೇಲಿನ ಉಪ್ಪಿಗೂ ತೊಟ್ಟಿಯೊಳಗಿನ ಉಪ್ಪಿಗೂ ಗೆರೆ ಬೇರೆಯಾಗದು. ಇಸಿ ಮೀಟರು 1.6 ಎನ್ನುತ್ತಿರುವಾಗಲೇ 589ರ ಜೋಡಿಗೆರೆ ದಿನೇ ದಿನೇ ಎತ್ತರವಾಗುತ್ತ, 766ರ ಗೆರೆ ಕುಗ್ಗುತ್ತ ಬಂದರೆ, ತೊಟ್ಟಿ ಪೂರ್ತಿ ಚೆಲ್ಲಬೇಕೋ, ಸ್ವಲ್ಪ ನೀರು ಬದಲಿಸಿ ಪೊಟ್ಯಾಸಿಯಂ ನೈಟ್ರೇಟು ಮಾತ್ರ ಕೂಡಿಸಿದರೆ ಸಾಕೋ ಎಂಬ ನಿರ್ಣಯಕ್ಕೆ ಆಧಾರ ಸಿಕ್ಕಂತಾಯಿತು.

ಆದರೂ ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಮಹತ್ತ್ವವಿರುವುದು ತೊಟ್ಟಿಯಲ್ಲಲ್ಲ, ಎಲೆಯಲ್ಲಿ. ಉಣಬಡಿಸಿದ್ದೆಲ್ಲವೂ ಮೈಗೂಡಿತೆಂಬ ಭರವಸೆ ಗಿಡಗಳ ಲೋಕದಲ್ಲಿಯೂ ಇಲ್ಲ. ಲೆಟ್ಯೂಸಿಗೆ ತಗಲುವ ‘ಟಿಪ್ ಬರ್ನ್’ ಎಂಬ ವ್ಯಾಧಿಯನ್ನೇ ನೋಡಿ. ಹೊರಗಿನ ಎಲೆಗಳು ಹಚ್ಚಗೆ ಹರಡಿಕೊಂಡು ಆರೋಗ್ಯವೇ ಮೂರ್ತಿವೆತ್ತಂತಿರುವಾಗ, ಒಳಗಿನ ಎಳೆಯ ಎಲೆಗಳನ್ನು ಬೆರಳಿನಿಂದ ಬಿಡಿಸಿದರೆ, ಅಂಚಿನುದ್ದಕ್ಕೂ ಕಂದುಬಣ್ಣದ, ಸುಟ್ಟಂತೆ ಮುರುಟಿದ ಗೆರೆಯೊಂದು ಕಾಣುತ್ತದೆ. ಕಾರಣ ಕ್ಯಾಲ್ಸಿಯಂನ ಅಭಾವ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿಯೇ ಇರಬಹುದು. ಕ್ಯಾಲ್ಸಿಯಂ ಬೇರಿನಿಂದ ಮೇಲಕ್ಕೇರುವುದು ನೀರಿನ ಸೆಳೆತದೊಡನೆ, ಆ ಸೆಳೆತ ಹುಟ್ಟುವುದು ಎಲೆಯಿಂದ ನೀರು ಆವಿಯಾಗಿ ಹೊರಡುವುದರಿಂದ. ಬಿಸಿಲು ಗಾಳಿಗಳಿಗೆ ಮೈಯೊಡ್ಡಿದ ದೊಡ್ಡ ಎಲೆಗಳು ಹೆಚ್ಚು ಆವಿಯನ್ನು ಬಿಟ್ಟು ಹೆಚ್ಚು ಕ್ಯಾಲ್ಸಿಯಮನ್ನು ಎಳೆದುಕೊಳ್ಳುತ್ತವೆ, ಮುಚ್ಚಿದ ಮೊಗ್ಗಿನೊಳಗಿನ ಎಳೆಯ ಎಲೆಗೆ ಆವಿ ಬಿಡುವ ಅವಕಾಶವೇ ಇಲ್ಲ. ಒಮ್ಮೆ ಹಳೆಯ ಎಲೆಯಲ್ಲಿ ನೆಲೆನಿಂತ ಕ್ಯಾಲ್ಸಿಯಂ, ಸಾರಜನಕದಂತೆಯೋ ಮೆಗ್ನೀಸಿಯಮಿನಂತೆಯೋ, ಹೊಸ ಎಲೆಯ ಕಷ್ಟಕ್ಕೆ ಮರಳಿ ಹೊರಡುವುದೂ ಇಲ್ಲ. ಸಮುದ್ರದ ಆರ್ದ್ರತೆಯಲ್ಲಿ ಬೆವರೂ ಆರದ ಚೆನ್ನೈಯ ಸಂಜೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚುತ್ತದೆ. ಅಂಚು ಸುಟ್ಟುದನ್ನು ಕಂಡು ತೊಟ್ಟಿಗೆ ಮತ್ತಷ್ಟು ಕ್ಯಾಲ್ಸಿಯಂ ಸುರಿಯುವವನು, ಬೇಕಾದದ್ದು ಫ್ಯಾನಿನ ಗಾಳಿಯೆಂಬುದನ್ನು ಅರಿಯದೆ, ಉಪ್ಪಿನ ಮೇಲೆ ಉಪ್ಪು ಸೇರಿಸುತ್ತಾನೆ.

ಇಂತಹ ಎಳೆಯೆಲೆಯೊಂದನ್ನು ಲೇಸರಿನ ಕೆಳಗೆ ಹಾಸಿ, ನಡುನರದಿಂದ ಅಂಚಿನವರೆಗೆ ಅರ್ಧರ್ಧ ಮಿಲಿಮೀಟರಿಗೆ ಒಂದರಂತೆ ಕಿಡಿ ಹಾರಿಸುತ್ತ ಹೋದರೆ, ಪ್ರತಿ ‘ಚಟ್’ಗೂ 393.4ರ ಗೆರೆಯ ಎತ್ತರ ಪರದೆಯ ಮೇಲೆ ದಾಖಲಾಗಿ, ನರದ ಬಳಿ ಎತ್ತರವಾಗಿದ್ದ ಕ್ಯಾಲ್ಸಿಯಂ ಅಂಚಿನ ಕಡೆಗೆ ಹೇಗೆ ಇಳಿಯುತ್ತದೆಂಬ ನಕ್ಷೆಯೇ ಸಿದ್ಧವಾಗುತ್ತದೆ. ಆಮ್ಲದಲ್ಲಿ ಕರಗಿಸುವ ಪದ್ಧತಿಯಲ್ಲಿ ಇಡೀ ಎಲೆ ಒಂದೇ ಸಂಖ್ಯೆಯಾಗಿ, ನರವೂ ಅಂಚೂ ಕಲಸಿಹೋಗಿ, ರೋಗದ ಗುಟ್ಟು ಸರಾಸರಿಯಲ್ಲಿ ಮುಳುಗಿಬಿಡುತ್ತಿತ್ತು.

ಇಷ್ಟೆಲ್ಲ ಬಲ್ಲ ಲಿಬ್ಸ್, ಸೊಪ್ಪಿನ ಬೆಳೆಗೆ ಎಲ್ಲಕ್ಕಿಂತ ಮುಖ್ಯವಾದ ಸಾರಜನಕದ ಮುಂದೆ ಮಾತ್ರ ತಡವರಿಸುತ್ತದೆ. ಕಿಡಿ ಹಾರುವುದು ಗಾಳಿಯಲ್ಲಿ. ಗಾಳಿಯ ನೂರರಲ್ಲಿ 78 ಪಾಲು ಸಾರಜನಕ. ಕಾಣುತ್ತಿರುವ ಗೆರೆ ಎಲೆಯದೋ ಗಾಳಿಯದೋ ಹೇಳುವವರಾರು? ಎಲೆಯ ಸುತ್ತ ಆರ್ಗಾನನ್ನೋ ಹೀಲಿಯಮನ್ನೋ ತುಂಬಿ ಗಾಳಿಯನ್ನು ದೂಡುವುದುಂಟು. ಗುಂಟೂರು ಮಚಲೀಪಟ್ಟಣಗಳ ಗ್ರಹಣದಲ್ಲಿ ಸುಳಿವು ಕೊಟ್ಟ ಅನಿಲ ಹೀಗೆ ಸೊಪ್ಪಿನ ಪರೀಕ್ಷೆಗೂ ಒದಗಿದೆಯಾದರೂ, ತಾರಸಿಯ ಮೇಲೆ ಸಿಲಿಂಡರ್ ಹೊತ್ತುಕೊಂಡು ಯಾರೂ ಬೇಸಾಯ ಮಾಡಲಾರರು.

ಈ ಕೊರತೆಯನ್ನು ತುಂಬುವ ಇನ್ನೊಂದು ಲೇಸರ್ ವಿಧಾನದ ಮೂಲಪುರುಷ, ಮರೀನಾ ಕಡಲ ತೀರಕ್ಕೆ ಮುಖಮಾಡಿ ನಿಂತ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದು, 1907ರಲ್ಲಿ ಅಲ್ಲಿಂದಲೇ ಎಂ.ಎ. ಪಡೆದು ಹೊರಬಿದ್ದ ಚಂದ್ರಶೇಖರ ವೆಂಕಟರಾಮನ್. ಓದುತ್ತಿರುವಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯ ಬಗ್ಗೆ ಅವರ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರು ಕಂಡ ಪರಿಣಾಮದ ಸಾರವಿಷ್ಟು: ಅಣುವಿಗೆ ತಾಗಿ ಚದರಿದ ಬೆಳಕಿನಲ್ಲಿ ಬಹುಭಾಗ ಹೋದ ಬಣ್ಣದಲ್ಲಿಯೇ ಮರಳಿದರೂ, ಕೋಟಿಯಲ್ಲಿ ಒಂದರಷ್ಟು ಮಾತ್ರ, ಅಣುವಿನ ಕಂಪನಕ್ಕೆ ತನ್ನ ಶಕ್ತಿಯ ಅಂಶವನ್ನು ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ, ಎಷ್ಟು ಬದಲಾಯಿತೆಂಬುದೇ ಆ ಅಣುವಿನ ಗುರುತು. ಲಿಬ್ಸ್ ಅಣುಗಳನ್ನು ಒಡೆದು ಪರಮಾಣುಗಳನ್ನು ಎಣಿಸಿದರೆ, ರಾಮನ್ ವಿಧಾನ ಅಣುವನ್ನು ಅದರ ಪಾಡಿಗೆ ಬಿಟ್ಟು ಅದರ ಕಂಪನವನ್ನು ಓದುತ್ತದೆ. ಗಿಡ ಸಾರಜನಕವನ್ನು ಹೆಚ್ಚಾಗಿ ನೈಟ್ರೇಟಿನ ರೂಪದಲ್ಲಿ ಹೀರಿ ಎಲೆಯ ಕೋಶಗಳಲ್ಲಿ ಕೂಡಿಟ್ಟುಕೊಳ್ಳುವುದರಿಂದಲೂ, ನೈಟ್ರೇಟಿಗೆ ಸೆಂಟಿಮೀಟರಿಗೆ 1046 ತರಂಗಗಳಷ್ಟು ಪಲ್ಲಟದಲ್ಲಿ ಸ್ಫುಟವಾದ ಶಿಖರವೊಂದು ಇರುವುದರಿಂದಲೂ, ಗಾಳಿಯ ಸಾರಜನಕ ಇಲ್ಲಿ ಅಡ್ಡಬರುವುದಿಲ್ಲ. ಅಡ್ಡಬರುವುದು ಪತ್ರಹರಿತ್ತು, ಲೇಸರ್ ತಾಗಿದೊಡನೆ ಅದು ತಾನೇ ಕೆಂಪಗೆ ಹೊಳೆದು ಕ್ಷೀಣವಾದ ರಾಮನ್ ಸಂಕೇತವನ್ನು ಮುಳುಗಿಸುತ್ತದೆ. ಅದನ್ನು ಕೆರಳಿಸದ 830 ನ್ಯಾನೊಮೀಟರಿನಂತಹ ಅವಕೆಂಪು ಲೇಸರನ್ನು ಬಳಸುವುದು ಇದಕ್ಕೆ ಪರಿಹಾರ. ಚೆನ್ನೈಯಂತೆಯೇ ಸೆಖೆಯ ಕಡಲೂರಾದ ಸಿಂಗಪುರದ ಸಂಶೋಧಕರು 2020ರಲ್ಲಿ ಪಾಕ್ ಚಾಯ್, ಚಾಯ್ ಸಮ್ ಮೊದಲಾದ ಸೊಪ್ಪುಗಳ ಮೇಲೆ ಈ ಶಿಖರವನ್ನು ಅಳೆದು, ಎಲೆ ಹಳದಿಯಾಗುವುದಕ್ಕೆ ಮೊದಲೇ ಸಾರಜನಕದ ಹಸಿವನ್ನು ಗುರುತಿಸಬಹುದೆಂದು ತೋರಿಸಿದ್ದಾರೆ. ಎಲೆಗೆ ಕ್ಲಿಪ್ಪಿನಂತೆ ಕಚ್ಚಿಸಿ ಅಳೆಯುವ ಸಾಧನವೂ ಅವರಲ್ಲಿ ತಯಾರಾಗಿದೆ.

ಇಷ್ಟನ್ನು ಓದಿ, ನಾಳೆಯೇ ತೊಟ್ಟಿಯ ಪಕ್ಕದಲ್ಲಿ ಲೇಸರ್ ನಿಲ್ಲಿಸಿ ಇಸಿ ಮೀಟರನ್ನು ಬಿಸಾಡಬಹುದೆಂದು ಯಾರೂ ಭಾವಿಸಕೂಡದು. ಮೀಟರು ಕೆಲವು ನೂರು ರೂಪಾಯಿಗಳಿಂದಲೇ ದೊರೆಯುತ್ತದೆ. ಲಿಬ್ಸ್ ಉಪಕರಣ ಲಕ್ಷಗಳ ಮಾತು, ಸಾಲದ್ದಕ್ಕೆ ಕಣ್ಣಿಗೆ ಅಪಾಯಕಾರಿ. ಹತ್ತು ಕೊಳವೆಗಳ ತಾರಸಿತೋಟಕ್ಕೆ ಅದು ಎಂದಿಗೂ ಬೇಕಾಗದು. ನೂರಾರು ಸಾಲುಗಳ ವಾಣಿಜ್ಯ ತೋಟಕ್ಕೋ, ಊರಿನ ಬೆಳೆಗಾರರೆಲ್ಲ ಎಲೆ ತಂದು ತೋರಿಸುವ ಪರೀಕ್ಷಾಕೇಂದ್ರಕ್ಕೋ ಸಲ್ಲಬಹುದು. ಅದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಗೆರೆಯ ಎತ್ತರದಿಂದ ಮಿಲಿಗ್ರಾಮಿನ ಲೆಕ್ಕಕ್ಕೆ ಬರಬೇಕಾದರೆ, ಮೊದಲು ಆಮ್ಲಮಾರ್ಗದಿಂದ ಅಳೆದು ಗೊತ್ತುಮಾಡಿದ ಎಲೆಗಳ ಮೇಲೆ ಕಿಡಿ ಹಾರಿಸಿ ಎರಡನ್ನೂ ತಾಳೆ ನೋಡಿರಬೇಕು. ಹಸಿ ಎಲೆಯ ನೀರಿನಂಶ ಕಿಡಿಯನ್ನು ಕುಗ್ಗಿಸುವುದರಿಂದಲೂ, ಮೇಣದ ಪದರ, ದಪ್ಪ, ರೋಮಗಳು ಜಾತಿಯಿಂದ ಜಾತಿಗೆ ಬೇರೆಯಾಗುವುದರಿಂದಲೂ, ಲೆಟ್ಯೂಸಿಗೆ ಕಟ್ಟಿದ ಕೋಷ್ಟಕ ಹರಿವೆಗೆ ಹೊಂದದು, ಹರಿವೆಯದು ಪಾಲಕ್ಕಿಗೆ ಹೊಂದದು. ಕೊಯಂಬೇಡು ಮಾರುಕಟ್ಟೆಗೆ ಬೆಳಗಿನ ಜಾವ ಬಂದಿಳಿಯುವ ಅರೈಕೀರೈ, ಮುಳೈಕೀರೈ, ಪೊನ್ನಾಂಗಣ್ಣಿಗಳನ್ನು ಜಲಕೃಷಿಯಲ್ಲಿ ಬೆಳೆದು ಲೇಸರಿನಿಂದ ಕಾಯಬೇಕೆನ್ನುವವರು, ಒಂದೊಂದು ಸೊಪ್ಪನ್ನೂ ಬೇರೆ ಬೇರೆಯಾಗಿ ಒಣಗಿಸಿ, ಅರೆದು, ಬಿಲ್ಲೆಯೊತ್ತಿ, ಆಮ್ಲದಲ್ಲಿ ಕರಗಿಸುವ ಹಳೆಯ ಕೆಲಸದಿಂದಲೇ ಆರಂಭಿಸಬೇಕಾಗಿದೆ.